ಗುಂಡಿಗೂ ದನಿಗೂ ನಡುವೆ

ನನ್ನ ತಮ್ಮನ ಕೈಯಲ್ಲಿ ಒಂದು ಡಿವಿಡಿ ಮಾಡಿಸಿಕೊಳ್ಳುವುದಕ್ಕಿಂತ ಮನೆ ಕಟ್ಟಿಸುವುದು ಸುಲಭ. ಇದನ್ನು ಅವನ ಎದುರಿಗೇ ಹೇಳಿದ್ದೇನೆ, ಹಾಗಾಗಿ ಇಲ್ಲಿ ಹೇಳಲು ಸಂಕೋಚವಿಲ್ಲ. ಮದುವೆಗಳ ವಿಡಿಯೊ ತೆಗೆಯುವುದು ಅವನ ಕಸುಬು. ಈಗೀಗ ಮದುವೆ ಮನೆಯವರೇ ಫೋನಿನಲ್ಲಿ ಎಲ್ಲ ಮುಗಿಸಿಕೊಳ್ಳುವುದರಿಂದ, ಹಳೆಯ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿಕೊಡುವ ಕೆಲಸವನ್ನೂ ಹಚ್ಚಿಕೊಂಡಿದ್ದಾನೆ. ಅಂಗಡಿ ಎಂದರೆ ದರ್ಜಿಯ ಅಂಗಡಿಯ ಮೇಲಿನ ಒಂದು ಕೋಣೆ. ಅದರಲ್ಲಿ ಒಂದು ಕಂಪ್ಯೂಟರ್, ಒಂದು ಹಳೆಯ ವಿಸಿಆರ್, ಕಾಲಿಟ್ಟಲ್ಲೆಲ್ಲ ವೈರು. ಬರೆಯುವಾಗ ಕೆಟ್ಟುಹೋದ ಡಿಸ್ಕುಗಳನ್ನು ಅವನು ಎಸೆಯುವುದಿಲ್ಲ, ಬಂದವರಿಗೆ ಚಹಾ ಲೋಟ ಇಡಲು ಕೊಡುತ್ತಾನೆ. ನಮ್ಮ ಕೆಲಸ ಹಿಡಿದ ಮೇಲೆ ಅಲ್ಲಿ ಲೋಟಗಳಿಗಿಂತ ಡಿಸ್ಕುಗಳೇ ಹೆಚ್ಚಾದವು.

ನಮ್ಮ ಕೆಲಸ ಎಂದರೆ ನನ್ನ ಗಂಡನ ಕ್ಯಾಸೆಟ್ಟು. ಅವರು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವರು. ಎಲ್ಲರ ಬಾಯಲ್ಲೂ ಅವರು ಮೈಕಣ್ಣ. ದಿನವಿಡೀ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದರಿಂದ ಅವರ ದನಿ ಕೇಳಿದವರು ಊರಿಗೆ ಊರೇ ಇದ್ದರು, ಮುಖ ನೋಡಿದವರು ಮಾತ್ರ ಕಡಿಮೆ. ಮನೆಗೆ ಬಂದರೆ ಬಾಯಿಗೆ ಬೀಗ. ನಾನು ಏನಾದರೂ ಕೇಳಿದರೆ, ಒಂದು ಉಸಿರು ಎಳೆದುಕೊಂಡು, ಸ್ವಲ್ಪ ತಡೆದು, ಆಮೇಲೆ ಉತ್ತರ ಕೊಡುತ್ತಿದ್ದರು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಹಾಲು ಉಕ್ಕಿದ ತಪ್ಪನ್ನೂ ಅವರ ತಲೆಗೇ ಕಟ್ಟುತ್ತಿದ್ದೆ.

ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ, ಈ ಬೇಸಿಗೆಯ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತವರು ಹಾಗೇ ಕುಸಿದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಜೀವ ಉಳಿಯಿತು. ಕಾಲು ನಿಧಾನವಾಗಿ ನೆಲ ಹಿಡಿಯಿತು, ಬಲಗೈ ಇನ್ನೂ ಸೋತೇ ಇದೆ. ಮಾತು ಮಾತ್ರ ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಅವರು ಹೇಳಬೇಕೆಂದಿರುವುದೂ ಒಳಗೆ ಇದೆ, ನಾಲಿಗೆಗೆ ಬರುವುದಿಲ್ಲ. ಇಷ್ಟು ವರ್ಷ ಮಾತಾಡಿ ಮಾತಾಡಿ ಎಂದು ಅವರ ಪ್ರಾಣ ತಿಂದವಳು ನಾನು. ಆಗಿನ ಮೌನ ಬೇರೆ, ಈ ಮೌನ ಬೇರೆ ಎಂದು ಆಗ ಗೊತ್ತಾಯಿತು.

ವಾರಕ್ಕೊಮ್ಮೆ ಒಬ್ಬ ಮೇಡಂ ಮಾತು ಕಲಿಸಲು ಮನೆಗೆ ಬರುತ್ತಾರೆ. ಕಡ್ಡಿ ತುಂಡು ಮಾಡಿದಂತೆ ಮಾತಾಡುವ ಹೆಂಗಸು, ಆದರೆ ಕೈ ಮೆತ್ತಗೆ. ಹೊಸ ಮಾತು ಬರದಿದ್ದರೂ, ಸಾವಿರಾರು ಸಲ ಆಡಿ ನಾಲಿಗೆಗೆ ಅಂಟಿಹೋದ ಮಾತು ಕೆಲವರಿಗೆ ಮೊದಲು ಬರುತ್ತದೆ, ಅಂಥದ್ದೇನಾದರೂ ಇವರಿಗೆ ಉಂಟೇ ಎಂದು ಕೇಳಿದರು. ನನಗೆ ನಗು ಬಂತು. ಬಸ್ಸುಗಳ ಹೆಸರು ಬಿಟ್ಟರೆ ಈ ಮನುಷ್ಯ ಬೇರೆ ಆಡಿದ್ದಾದರೂ ಏನು? ನಿವೃತ್ತಿಯ ದಿನ ಯಾರೋ ಸಹೋದ್ಯೋಗಿ ವಿಡಿಯೊ ತೆಗೆದಿದ್ದ. ಬೀಳ್ಕೊಡುಗೆಯ ಭಾಷಣ, ಆಮೇಲೆ ಗಾಜಿನ ಕೋಣೆಯಲ್ಲಿ ಇವರ ಕೊನೆಯ ಪಾಳಿ. ಕ್ಯಾಸೆಟ್ಟು ಬೀರುವಿನ ಮೇಲಿತ್ತು.

ಮೇಡಂ ಒಂದು ಷರತ್ತು ಹಾಕಿದರು: ಅದನ್ನು ನನ್ನ ಗಂಡ ತಾವೇ ಹಾಕಿಕೊಂಡು ನೋಡುವಂತಿರಬೇಕು, ಬೇಕೆಂದಾಗ ನಿಲ್ಲಿಸುವಂತಿರಬೇಕು. ಫೋನಿನ ಪರದೆಯ ಮೇಲೆ ಅವರ ಎಡಗೈ ಬೆರಳು ಜಾರುತ್ತದೆ. ನಮ್ಮ ಹಳೆಯ ಡಿವಿಡಿ ಪ್ಲೇಯರಿನ ರಿಮೋಟಿಗಾದರೆ ಕಡಲೆಕಾಳಿನಷ್ಟು ದಪ್ಪ ಗುಂಡಿಗಳಿವೆ. ಆದ್ದರಿಂದ ಡಿವಿಡಿಯೇ ಆಗಬೇಕು ಎಂದಾಯಿತು. ಇದೂ ಕೈಕೊಟ್ಟರೆ ತಾವು ಚಿತ್ರದ ಹಲಗೆ ತರುವುದಾಗಿ ಮೇಡಂ ಹೇಳಿದರು. ನೀರಿನ ಚಿತ್ರ, ತಟ್ಟೆಯ ಚಿತ್ರ, ಹಾಸಿಗೆಯ ಚಿತ್ರ, ಬೇಕಾದ್ದನ್ನು ಬೆರಳಿಟ್ಟು ತೋರಿಸುವುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹಲಗೆ ಒಮ್ಮೆ ಮನೆಯೊಳಗೆ ಬಂದರೆ ಇವರ ದನಿಗಾಗಿ ಕಾಯುವುದನ್ನು ನಾವೆಲ್ಲ ಬಿಟ್ಟುಬಿಡುತ್ತೇವೆ ಎಂದು ನನಗೆ ಭಯವಾಯಿತು.

ಮೊದಲ ಡಿಸ್ಕನ್ನು ನಮ್ಮ ಪ್ಲೇಯರ್ ಓದಲೇ ಇಲ್ಲ. ತನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ ಎಂದು ವಾದಕ್ಕೆ ನಿಂತ ತಮ್ಮ. ಫೈಲನ್ನು ಹಾಗೇ ಡಿಸ್ಕಿಗೆ ಸುರಿದಿದ್ದ; ಹಳೆಯ ಪ್ಲೇಯರಿಗೆ ಅದು ತಾನು ಬಲ್ಲ ರೂಪದಲ್ಲೇ ಬೇಕು ಎಂಬುದು ಆಮೇಲೆ ಅವನಿಗೆ ಹೊಳೆಯಿತು. ಎರಡನೆಯದು ಮುಗಿಯುವ ಹೊತ್ತಿಗೆ ಕೆಟ್ಟಿತು. ಡಿಸ್ಕು ಬರೆಯುತ್ತಿದ್ದ ಕಂಪ್ಯೂಟರಿನಲ್ಲೇ ಅವನು ಕ್ರಿಕೆಟ್ಟು ನೋಡುತ್ತಿದ್ದನಂತೆ. ವೇಗ ತಗ್ಗಿಸಿ, ಕ್ರಿಕೆಟ್ಟು ನಿಲ್ಲಿಸಿ ಬರೆದದ್ದು ಓಡಿತು, ಆದರೆ ಚಿತ್ರ ಅಡ್ಡಕ್ಕೆ ಹಿಗ್ಗಿ, ಕಡ್ಡಿಯಂತಿದ್ದ ನನ್ನ ಗಂಡ ಪೈಲ್ವಾನರಾಗಿದ್ದರು. ಹಳೆಯ ಚೌಕದ ಚಿತ್ರವನ್ನು ಅಗಲದ ಪರದೆಗೆ ಎಳೆದಿದ್ದನ್ನು ಸರಿಮಾಡಿಸಿದೆವು. ಅದರ ನಂತರದ್ದರಲ್ಲಿ ಎಲ್ಲ ಸರಿಯಿತ್ತು, ಆದರೆ ಆರಂಭದಲ್ಲಿ ಗುಲಾಬಿ ಬಣ್ಣದ ಹೃದಯಗಳು ತೇಲಿ ಬಂದು, ನಡುವೆ ನನ್ನ ಗಂಡನ ಫೋಟೊ ಮೂಡಿ, ಕೆಳಗೆ ‘ನವದಂಪತಿಗಳಿಗೆ ಶುಭಾಶಯ’ ಎಂದು ಬಂತು. ಅವನ ಸಾಫ್ಟ್‌ವೇರಿನಲ್ಲಿ ಇದ್ದದ್ದೆಲ್ಲ ಮದುವೆಯ ಮಾದರಿಗಳೇ. ನನ್ನ ಗಂಡ ಅದನ್ನು ನೋಡಿ ತುಟಿಯ ಒಂದು ಬದಿಯಲ್ಲೇ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು, ಆದ್ದರಿಂದ ತಮ್ಮನಿಗೆ ಆ ದಿನ ಬೈಯಲಿಲ್ಲ.

ಕೊನೆಗೆ ಉಳಿದದ್ದು ದನಿಯ ತೊಂದರೆ. ಭಾಷಣದ ಭಾಗದಲ್ಲಿ ಅಧಿಕಾರಿ ಬಾಯಿ ಮುಚ್ಚಿ ಕೂತ ಮೇಲೂ ಅವರ ಮಾತು ಮುಂದುವರಿಯುತ್ತಿತ್ತು. ಕ್ಯಾಸೆಟ್ಟಿನಿಂದ ಇಳಿಸುವಾಗ ಚಿತ್ರ ಮುಂದೆ ಓಡಿ ದನಿ ಹಿಂದೆ ಉಳಿಯುವುದು ಉಂಟು, ಅದಕ್ಕೆ ತನ್ನಲ್ಲಿ ಮದ್ದಿದೆ ಎಂದ ತಮ್ಮ. ಕೆಲವು ದಿನ ಫೋನನ್ನೂ ಎತ್ತದೆ ಕೂತು ಮಾಡಿದ. ಹೊಸ ಡಿಸ್ಕು ತಂದುಕೊಟ್ಟಾಗ ಅವನ ಕಣ್ಣು ಕೆಂಪಾಗಿತ್ತು, ಎದೆ ಉಬ್ಬಿತ್ತು. ಇನ್ನು ಎಳ್ಳಷ್ಟೂ ದೋಷವಿಲ್ಲ ಎಂದು ಹೇಳಿ ಹೋದ.

ನನ್ನ ಗಂಡ ಕುರ್ಚಿಯಲ್ಲಿ ಕೂತು ತಾವೇ ರಿಮೋಟು ಒತ್ತಿದರು. ಭಾಷಣ ಮುಗಿಯಿತು, ಗಾಜಿನ ಕೋಣೆ ಬಂತು. ಪರದೆಯ ಮೇಲೆ ಅವರು ದಪ್ಪ ಮೈಕಿನ ಹಿಂದೆ ಕೂತಿದ್ದಾರೆ, ಮೂಗಿನಿಂದ ಕೆಳಗೆ ಏನೂ ಕಾಣುವುದಿಲ್ಲ. ಅಲ್ಲಿ ಅವರ ಹೆಬ್ಬೆರಳು ಮೈಕಿನ ಗುಂಡಿ ಒತ್ತಿತು, ಒತ್ತುತ್ತಲೇ ನಿಲ್ದಾಣದ ತುಂಬ ದನಿ: ಪ್ರಯಾಣಿಕರ ಗಮನಕ್ಕೆ, ಬಂದರಿನ ಕಡೆಗೆ ಹೊರಡುವ ಬಸ್ಸು ಮೂರನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ. ಕುರ್ಚಿಯಲ್ಲಿದ್ದವರ ತುಟಿ ಅಲುಗಿತು. ಆದರೆ ಅವರು ತಲೆ ಅಲ್ಲಾಡಿಸಿ ನಿಲ್ಲಿಸಿಬಿಟ್ಟರು. ಮತ್ತೆ ಹಾಕಿದರು, ಮತ್ತೆ ನಿಲ್ಲಿಸಿದರು. ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ರಿಮೋಟನ್ನು ದಿಂಬಿನ ಕೆಳಗೆ ತುರುಕಿ ಗೋಡೆಯ ಕಡೆ ಮುಖ ಮಾಡಿದರು.

ಹಿಂದೆ ಹೇಗಿದ್ದೆ, ಈಗ ಹೇಗಾದೆ ಎಂದು ಅವರಿಗೆ ಸಂಕಟವಾಗುತ್ತಿದೆ ಎಂದು ನಾನು ತಿಳಿದೆ. ಮೇಡಂ ಬಂದು ನೋಡಿ ಅದನ್ನೇ ಹೇಳಿದರು. ನೋವಾಗುವುದನ್ನು ಬಲವಂತವಾಗಿ ತೋರಿಸುವುದು ಬೇಡ, ಮುಂದಿನ ವಾರ ಹಲಗೆ ತರುತ್ತೇನೆ ಎಂದರು. ಅವರು ಹೋದ ಮೇಲೆ ಅಡುಗೆಮನೆಯ ಪಾತ್ರೆಗಳ ಮೇಲೆ ನನ್ನ ಸಿಟ್ಟನ್ನೆಲ್ಲ ತೀರಿಸಿಕೊಂಡೆ.

ಆದರೆ ಮರುದಿನ ಬೆಳಿಗ್ಗೆ ನನ್ನ ಗಂಡ ದಿಂಬಿನ ಕೆಳಗೆ ಕೈ ಹಾಕಿ ರಿಮೋಟು ಹುಡುಕಿ ತೆಗೆದರು. ಮತ್ತೆ ಅದೇ ಡಿಸ್ಕು, ಅದೇ ಗಾಜಿನ ಕೋಣೆ. ನೋವಾಗುವುದಾದರೆ ಮತ್ತೆ ಯಾಕೆ ಹಾಕಿಕೊಳ್ಳುತ್ತಾರೆ? ಒಗೆದ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಈ ಸಲ ಟಿವಿ ನೋಡಲಿಲ್ಲ, ಅವರನ್ನು ನೋಡಿದೆ. ಪರದೆಯ ಮೇಲಿನ ಹೆಬ್ಬೆರಳಿನ ಜೊತೆಗೆ ಅವರ ಹೆಬ್ಬೆರಳೂ ರಿಮೋಟಿನ ಅಂಚನ್ನು ಒತ್ತಿತು. ಎದೆ ಮೇಲೆದ್ದಿತು. ಉಸಿರು ಇನ್ನೂ ಪೂರ್ತಿ ತುಂಬಿರಲಿಲ್ಲ, ಟಿವಿಯಲ್ಲಿ ಮಾತು ಆಗಲೇ ಶುರುವಾಗಿ ಅರ್ಧ ದೂರ ಹೋಗಿತ್ತು. ಅವರು ಉಸಿರು ಬಿಟ್ಟು ಟಿವಿಯ ಕಡೆ ಒಂದು ನೋಟ ಬೀರಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಅಂಗಿ ಮಡಿಸಿಟ್ಟದ್ದನ್ನು ಅವರು ನೋಡುತ್ತಿದ್ದದ್ದು ಅದೇ ಕಣ್ಣಿನಿಂದ. ಅದರಲ್ಲಿ ದುಃಖ ಎಲ್ಲಿಂದ ಬರಬೇಕು? ಅದು ಕೆಲಸ ಕೆಡಿಸಿದವರನ್ನು ನೋಡುವ ನೋಟ.

ಹೊಸಬರು ಕೆಲಸಕ್ಕೆ ಸೇರಿದಾಗ ಇವರು ಮೊದಲು ಕಲಿಸುತ್ತಿದ್ದದ್ದು ಒಂದೇ ಸಂಗತಿ: ಗುಂಡಿ ಒತ್ತು, ಒಂದು ಉಸಿರು ತಗೋ, ಆಮೇಲೆ ಮಾತಾಡು. ಅಲ್ಲಿನ ಹಳೆಯ ಯಂತ್ರ ಎಚ್ಚರಾಗುವ ಮೊದಲೇ ಬಾಯಿ ತೆರೆದರೆ ಮೊದಲ ಶಬ್ದವನ್ನು ನುಂಗಿಬಿಡುತ್ತಿತ್ತಂತೆ. ಅದೇ ಉಸಿರನ್ನು ಅವರು ಮನೆಗೂ ಹೊತ್ತುಕೊಂಡು ಬರುತ್ತಿದ್ದರು, ನಾನು ಅದನ್ನು ಉದಾಸೀನ ಎಂದು ಬೈಯುತ್ತಿದ್ದೆ. ಬಟ್ಟೆಯನ್ನು ಅಲ್ಲೇ ಹಾಕಿ ತಮ್ಮನಿಗೆ ಫೋನು ಮಾಡಿದೆ. ಗಾಜಿನ ಕೋಣೆಯ ಭಾಗದಲ್ಲಿ ದನಿಯನ್ನು ಏನು ಮಾಡಿದ್ದೀಯಾ ಎಂದು ಕೇಳಿದೆ.

“ಅದೇ ಅಕ್ಕಾ ಎಲ್ಲಕ್ಕಿಂತ ಕಷ್ಟ ಆಗಿದ್ದು,” ಎಂದ. “ಭಾಷಣ ಸರಿಹೋದ್ಮೇಲೂ ಅಲ್ಲಿ ದನಿ ಹಿಂದೇನೇ ಇತ್ತು. ಭಾವ ಗುಂಡಿ ಒತ್ತಿ ಎಷ್ಟೋ ಹೊತ್ತಾದ್ಮೇಲೆ ಮಾತು ಬರ್ತಿತ್ತು. ಮೈಕು ಅಡ್ಡ, ತುಟಿ ಕಾಣಲ್ಲ. ಒಂದೊಂದನ್ನೂ ಕೈಯಾರೆ ಎಳೆದು ಗುಂಡಿಗೆ ಕೂರಿಸಿದ್ದೀನಿ.”

“ಅದು ತಡ ಅಲ್ವೋ,” ಎಂದೆ. “ಅದು ನಿಮ್ಮ ಭಾವನ ಉಸಿರು.”

ಪಾಪ, ಇಡೀ ಡಿಸ್ಕಿನಲ್ಲಿ ಅವನು ಮೈಮುರಿದು ಮಾಡಿದ ಕೆಲಸ ಅದೊಂದೇ, ಕೆಟ್ಟದ್ದೂ ಅದೊಂದೇ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ ತಾನೆ, ಆ ಉಸಿರನ್ನು ಕತ್ತರಿಸಲು ನೋಡಿದ್ದು.

ಜಾಗ ಸಾಲದೆಂದು ಮೊದಲು ಇಳಿಸಿದ್ದ ಫೈಲನ್ನು ಅವನು ಅಳಿಸಿಬಿಟ್ಟಿದ್ದ. ಕ್ಯಾಸೆಟ್ಟನ್ನೇ ಮತ್ತೆ ಓಡಿಸಬೇಕು, ಅದೋ ಬೂಷ್ಟು ಹಿಡಿದು ಜೀರ್ಣವಾಗಿತ್ತು. ಅಂಗಡಿಗೆ ನಾನೂ ಹೋದೆ. ವಿಸಿಆರಿನ ಒಳಗೆ ಟೇಪು ಕಿರುಗುಟ್ಟಿದಾಗೆಲ್ಲ ತಮ್ಮ ನನ್ನ ಮುಖ ನೋಡುತ್ತಿದ್ದ, ನಾನು ಅವನ ಮುಖ. ಒಂದು ಕಡೆ ಸುಕ್ಕು ಬಿದ್ದು ಚಿತ್ರ ಕದಡಿತು, ಆದರೆ ಕಡಿಯಲಿಲ್ಲ. ಭಾಷಣಕ್ಕೆ ಸರಿಸಿದಷ್ಟೇ ದನಿಯನ್ನು ಗಾಜಿನ ಕೋಣೆಗೂ ಸರಿಸಿ, ಅಲ್ಲಿ ಬೇರೆ ಏನನ್ನೂ ಮುಟ್ಟದೆ, ಮರೆಯದೆ ಹೃದಯಗಳನ್ನೂ ತೆಗೆದು ಅವನು ಹೊಸ ಡಿಸ್ಕು ಬರೆದ.

ಅದನ್ನು ಹಾಕಿದ ದಿನ ಮೇಡಂ ಬಂದಿದ್ದರು, ತಮ್ಮನೂ ಇದ್ದ. ಹಲಗೆ ಮೇಜಿನ ಮೇಲಿತ್ತು. ಪರದೆಯಲ್ಲಿ ಹೆಬ್ಬೆರಳು ಗುಂಡಿ ಒತ್ತಿತು. ನಿಲ್ದಾಣ ಸುಮ್ಮನಿತ್ತು. ಕುರ್ಚಿಯಲ್ಲಿ ಎದೆ ತುಂಬಿ ನಿಂತಿತು, ಆಗ ದನಿ ಬಂತು. ಮೊದಲ ಸಲ ತುಟಿ ಮಾತ್ರ ಅಲುಗಿತು. ಅವರು ನಿಲ್ಲಿಸಲಿಲ್ಲ. ಎರಡನೆಯ ಬಸ್ಸಿಗೆ ಗಂಟಲಿನಲ್ಲಿ ಏನೋ ಗೊರಗೊರ ಎಂದಿತು. ಅದರ ಮುಂದಿನದಕ್ಕೆ, ಟಿವಿಯ ದನಿಯ ಕೆಳಗೆ, ಒರಟಾಗಿ, ತೊದಲುತ್ತ, ‘ಗಮನಕ್ಕೆ’ ಎಂಬುದು ನನ್ನ ಗಂಡನ ಬಾಯಿಂದ ಹೊರಗೆ ಬಿತ್ತು. ನನ್ನ ತಮ್ಮ ಮುಖವನ್ನು ಆ ಕಡೆ ತಿರುಗಿಸಿಕೊಂಡ. ಡಿಸ್ಕು ಮುಗಿಯುವ ಹೊತ್ತಿಗೆ ಅವರು ‘ಪ್ರಯಾಣಿಕರ’ ಎಂಬುದನ್ನೂ ಸೇರಿಸಿಕೊಂಡಿದ್ದರು.

ಮೇಡಂ ನನ್ನ ಗಂಡನ ಭುಜ ತಟ್ಟಿದರು. ನನ್ನನ್ನು ಪಕ್ಕಕ್ಕೆ ಕರೆದು, ಇದು ಬಾಯಿಪಾಠದ ಮಾತು, ತನಗೆ ಬೇಕಾದ್ದನ್ನು ತಾನೇ ಹುಡುಕಿ ಹೇಳುವುದು ಬೇರೆ, ತುಂಬ ಆಸೆ ಇಟ್ಟುಕೊಳ್ಳಬೇಡಿ ಎಂದರು. ಹಲಗೆಯನ್ನು ಬಿಟ್ಟೇ ಹೋದರು. ಅವರ ಹಿಂದೆಯೇ ತಮ್ಮನೂ ಅಂಗಡಿಗೆ ಹೊರಟ.

ನಾನು ಲೋಟಗಳನ್ನು ಎತ್ತಿಕೊಳ್ಳುತ್ತಿದ್ದೆ. ನನ್ನ ಗಂಡ ಟಿವಿ ಕಡೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಹೆಬ್ಬೆರಳು ರಿಮೋಟಿನ ಅಂಚನ್ನು ಒತ್ತಿತು. ನೀರು ಬೇಕಾ, ಮಲಗಬೇಕಾ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರ ಉಸಿರು ತುಂಬುವವರೆಗೆ ಲೋಟ ಹಿಡಿದುಕೊಂಡು ಹಾಗೇ ನಿಂತೆ.

“ಪ್ರಯಾಣಿಕರ ಗಮನಕ್ಕೆ,” ಎಂದರು. ಅಷ್ಟೇ ಎಂದುಕೊಂಡೆ. ಬಸ್ಸಿನ ಹೆಸರು ಬರಬೇಕಾದಲ್ಲಿ ಅವರ ಬಾಯಿ ತೆರೆದುಕೊಂಡೇ ಇತ್ತು, ಕತ್ತಿನ ನರ ಬಿಗಿದಿತ್ತು. ಏನನ್ನೋ ಒಳಗಿನಿಂದ ಕೈಯಲ್ಲಿ ಹಿಡಿದು ಎಳೆಯುತ್ತಿರುವಂತೆ ಕಂಡರು. ಕೊನೆಗೆ ಅದು ಬಂತು.

“ಕೂತ್ಕೋ.”

ಬೇಸಿಗೆಯಿಂದ ಈಚೆಗೆ ನಾನು ಒಂದು ಗಳಿಗೆ ಕೂತದ್ದಿಲ್ಲ. ಅದು ನನಗೇ ತಿಳಿದಿರಲಿಲ್ಲ. ಅವರು ಆ ಕುರ್ಚಿಯಲ್ಲಿ ಕೂತು ದಿನವೂ ಅದನ್ನು ನೋಡಿದ್ದರು, ಹೇಳಲು ಬಾಯಿ ಇರಲಿಲ್ಲ. ಲೋಟಗಳನ್ನು ಮೇಜಿನ ಮೇಲೆ, ಆ ಹಲಗೆಯ ಮೇಲೆಯೇ ಇಟ್ಟು, ಅವರ ಪಕ್ಕದ ಕುರ್ಚಿಯಲ್ಲಿದ್ದ ಬಟ್ಟೆಗಳನ್ನು ನೆಲಕ್ಕೆ ಸರಿಸಿದೆ. ಕೂತೆ, ಕೂತು ಮನಸಾರೆ ಅತ್ತೆ.