ಮೇಷ್ಟರ ಜೇಬಿನ ದ್ವೀಪಗಳು

ಮಾತಿಗೆ ನಿಂತರೆ ಸಾಕು, ನಮ್ಮ ಸಂಜೆಶಾಲೆಯ ಭೂಗೋಳದ ಮೇಷ್ಟರ ಬಲಗೈ ತಾನಾಗಿ ಕೋಟಿನ ಜೇಬಿಗಿಳಿದು ದ್ವೀಪಗಳನ್ನು ತಡಕುತ್ತಿತ್ತು. ಗ್ರೀನ್‌ಲ್ಯಾಂಡ್, ಬ್ಯಾಫಿನ್, ವಿಕ್ಟೋರಿಯಾ, ಎಲ್ಸ್‌ಮಿಯರ್ ಮೊದಲಾದ ಉತ್ತರ ಧ್ರುವದ ಸುತ್ತಣ ಹಿಮಾವೃತ ನೆಲಗಳನ್ನೆಲ್ಲ ಒಂದೇ ಪ್ರಮಾಣಕ್ಕೆ ಇಳಿಸಿ ರಟ್ಟಿನಿಂದ ಕತ್ತರಿಸಿ, ಬೇರೆಯವರು ಮನೆಯ ಬೀಗದ ಕೈಯನ್ನು ಇಟ್ಟುಕೊಳ್ಳುವಂತೆ ಅವರು ಜೇಬಿನಲ್ಲಿಟ್ಟುಕೊಂಡಿದ್ದರು. ನೀಳ ಕಾಲುಗಳು, ಆದರೆ ಎಣಿಸಿ ಇಟ್ಟಂಥ ಸಣ್ಣ ಹೆಜ್ಜೆ. ಯಾರು ಏನನ್ನೇ ಖಚಿತವಾಗಿ ಹೇಳಲಿ, "ಅಳೆದು ನೋಡಿದೀರಾ?" ಎಂಬ ಒಂದೇ ಪ್ರಶ್ನೆ, ಟೀ ತಣ್ಣಗಾಗಿದೆ ಎಂದವರಿಗೂ ಅದೇ.

ಹಗಲೆಲ್ಲ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಅವರ ಮುಂದಿನ ಬೆಂಚಿನಲ್ಲಿ ಕುಳಿತವಳು ನಾನು. ಗೋಡೆಯ ನಕಾಶೆಯನ್ನು ಅವರು ಒಮ್ಮೆಯೂ ಬಿಚ್ಚಲಿಲ್ಲ. ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಎಳೆಯುವಾಗ ಧ್ರುವದ ಬಳಿಯ ನೆಲ ಹಿಗ್ಗುತ್ತದೆ. ವಿಕ್ಟೋರಿಯಾಕ್ಕಿಂತ ಚಿಕ್ಕದಾದ ಎಲ್ಸ್‌ಮಿಯರ್ ಅಲ್ಲಿ ಅದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ. "ಸುಳ್ಳಿಗೆ ಮೊಳೆ ಹೊಡೆದು ನೇತುಹಾಕೋಕೆ ನನ್ನ ಕೈಲಾಗಲ್ಲಮ್ಮ" ಎನ್ನುತ್ತಿದ್ದರು.

ಈ ಹಟ ತನಿಖಾಧಿಕಾರಿಗಳ ಕಿವಿಗೆ ಬಿತ್ತು. ಸೋಮವಾರ ಬಂದು ನೋಡುವುದಾಗಿಯೂ, ನಕಾಶೆಯಿಲ್ಲದ ಪಾಠ ತಪ್ಪೆಂದು ಕಂಡರೆ ತರಗತಿಯನ್ನು ಬೇರೆಯವರಿಗೆ ಒಪ್ಪಿಸುವುದಾಗಿಯೂ ಕಾಗದ ಬಂತು. ಜೇಬಿನ ರಟ್ಟುಗಳು ಸವೆದು ಮೂಲೆ ಮುರಿದಿದ್ದವು. ಮೇಷ್ಟರು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟ ದಪ್ಪ ಉಣ್ಣೆಬಟ್ಟೆಯಿಂದ ಹೊಸ ದ್ವೀಪಗಳನ್ನು ಕತ್ತರಿಸುವ ಹೊಣೆಯನ್ನು ನಾನೇ ಕೇಳಿ ಪಡೆದೆ. ನನ್ನ ಕತ್ತರಿಯ ಮೇಲೆ ನನಗೆ ಅಷ್ಟು ಅಭಿಮಾನ.

ಸೋಮವಾರ ಅಧಿಕಾರಿಯ ಎದುರು ಮೇಷ್ಟರು ವಿಜ್ಞಾನದ ಕೋಣೆಯ ತಕ್ಕಡಿ ತಂದು, ಬಟ್ಟೆ ಒಂದೇ ಆದ್ದರಿಂದ ತೂಕ ಹೆಚ್ಚಿದ್ದೇ ವಿಸ್ತೀರ್ಣದಲ್ಲಿ ಹಿರಿದು ಎಂದು ವಿವರಿಸಿ, ಒಂದು ತಟ್ಟೆಗೆ ವಿಕ್ಟೋರಿಯಾವನ್ನೂ ಇನ್ನೊಂದಕ್ಕೆ ಎಲ್ಸ್‌ಮಿಯರನ್ನೂ ಇಟ್ಟರು. ಎಲ್ಸ್‌ಮಿಯರ್ ಕೆಳಗಿಳಿಯಿತು.

"ಏನ್ರೀ ಮೇಷ್ಟ್ರೇ, ನಿಮ್ಮ ತಕ್ಕಡೀನೂ ನಮ್ಮ ನಕಾಶೆ ಕಡೇನೇನಾ?" ಅಧಿಕಾರಿ ನಕ್ಕರು.

ಮೇಷ್ಟರು ಆ ಬಟ್ಟೆಯನ್ನೆತ್ತಿ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಬೆರಳು ನಿಂತ ಕಡೆ ನೋಡಿದಾಗ ನನಗೂ ಹೊಳೆಯಿತು. ಇಪ್ಪತ್ತು ವರ್ಷಗಳ ಅಭ್ಯಾಸದಂತೆ ಕತ್ತರಿ ಗೆರೆಯಿಂದ ಅರ್ಧ ಬೆರಳು ಹೊರಗೇ ಓಡಿತ್ತು. ಉದ್ದಕ್ಕೆ ಚಾಚಿ, ಕಡಲು ಹಲ್ಲುಹಲ್ಲಾಗಿ ಕೊರೆದ ದಡವುಳ್ಳ ಎಲ್ಸ್‌ಮಿಯರಿಗೆ ಆ ಹೆಚ್ಚುವರಿ ಅಂಚು ವಿಕ್ಟೋರಿಯಾಕ್ಕಿಂತ ಧಾರಾಳವಾಗಿ ದಕ್ಕಿತ್ತು.

"ನಾನು ಸರಿಯಾಗಿ ನೋಡ್ಕೋಬೇಕಿತ್ತು ಸಾರ್. ತಪ್ಪು ನಂದು," ಎಂದರು ಮೇಷ್ಟರು.

ನನ್ನ ತಪ್ಪನ್ನು ಇನ್ನೊಬ್ಬರು ಹೊರುವುದು ನನಗೆ ಸಹ್ಯವಲ್ಲ. ಎದ್ದು ನಿಂತೆ. "ಕತ್ತರಿಸಿದ್ದು ನಾನು ಸಾರ್. ಹೊಲಿಗೆಗೆ ಅಂತ ಅಂಚು ಬಿಟ್ಟುಬಿಟ್ಟಿದೀನಿ."

"ಯಾವುದಕ್ಕಮ್ಮಾ ಹೊಲಿಯೋದು, ಸಮುದ್ರಕ್ಕಾ?" ಎಂದರು ಮೇಷ್ಟರು. ತರಗತಿ ಗೊಳ್ಳೆಂದಿತು, ಎಂದೂ ನಗದ ನಾನೂ ನಕ್ಕೆ.

ಚೀಲದಿಂದ ಕತ್ತರಿ ತೆಗೆದು, ಎಲ್ಲರೆದುರು ಎರಡೂ ದ್ವೀಪಗಳನ್ನು ಗೆರೆಗೆ ಸರಿಯಾಗಿ ಸವರಿದೆ. ಈ ಸಲ ವಿಕ್ಟೋರಿಯಾ ಕೆಳಗಿಳಿಯಿತು. ಅಧಿಕಾರಿ ಬಗ್ಗಿ ನೋಡಿ, ತಾವೇ ತಟ್ಟೆ ಬದಲಿಸಿ ಇನ್ನೊಮ್ಮೆ ತೂಗಿ, "ನಡೆಸಿ ಪಾಠ" ಎಂದು ಹೊರಟರು.

ಮೇಷ್ಟರು ನೆಲದ ಮೇಲಿನ ಚೂರುಗಳನ್ನು ಆಯ್ದು ಎಡಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಅದ್ಯಾಕೆ ಮೇಷ್ಟ್ರೇ?"

"ಇಲ್ಲದ ನೆಲ ಎಷ್ಟಿತ್ತು ಅಂತಾನೂ ಅಳೆದು ನೋಡ್ಬೇಡ್ವೇನಮ್ಮ?"

ಆ ಕೋಣೆ ಈಗ ಉಗ್ರಾಣವಾಗಿದೆ, ಮೇಷ್ಟರೂ ಇಲ್ಲ. ಇಂಥವರು ಹೊಗಳಿ ಯಾರನ್ನೂ ಹಿಗ್ಗಿಸುವುದಿಲ್ಲ, ಹಳಿದು ಕುಗ್ಗಿಸುವುದೂ ಇಲ್ಲ. ಇರುವಷ್ಟನ್ನು ಇರುವಷ್ಟೆಂದೇ ಗೌರವಿಸುತ್ತಾರೆ. ಅವರೆದುರು ಒಮ್ಮೆ ತಪ್ಪೊಪ್ಪಿಕೊಂಡವರಿಗೆ, ಮತ್ತೆ ಯಾರೆದುರೂ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವ ಹಂಬಲ ಉಳಿಯುವುದಿಲ್ಲ.