ಎಂಟು ಹತ್ತರ ಹಾಜರಿ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಈ ಒಂದು ವಿಷಯವನ್ನು ಅಣ್ಣನಿಗೆ ಹೇಳಲು ಇಂದಿಗೂ ಬಾಯಿ ಬಂದಿಲ್ಲ.

ಅಣ್ಣನ ಹೆಂಡತಿಯೂ ನಾನೂ ಒಂದೇ ಫ್ಯಾಕ್ಟರಿಯಲ್ಲಿ ಅಕ್ಕಪಕ್ಕದ ಮಿಷನ್ನಿನಲ್ಲಿ ಕೂತು ಶಾಲೆಯ ಚೀಲ ಹೊಲಿಯುತ್ತಿದ್ದೆವು. ಊರಿಗೆಲ್ಲ ಫ್ಲೂ ಹಬ್ಬಿದ ಮೇಲೆ ಮಾಸ್ಕ್ ಹೊಲಿದೆವು. ನಮ್ಮ ಹಾಜರಿ ಕಾರ್ಡುಗಳು ಬಾಗಿಲ ಪಕ್ಕದ ಹಲಗೆಯಲ್ಲಿ ಇರುತ್ತಿದ್ದವು. ಯಂತ್ರಕ್ಕೆ ಹಿಡಿದರೆ ಕುಂಯ್ ಎನ್ನುತ್ತಿತ್ತು. ಸತತ ಮೂರು ದಿನ ಕುಂಯ್ ಎನ್ನದಿದ್ದರೆ ಆರೋಗ್ಯ ವಿಮೆಯ ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಜ್ವರ ಬಂದವರು ಮನೆಯಲ್ಲೇ ಇರಿ ಎಂದು ಅದೇ ಬಾಗಿಲಿಗೆ ಕಾಗದ ಅಂಟಿಸಿದ ಪುಣ್ಯಾತ್ಮರೂ ಫ್ಯಾಕ್ಟರಿಯವರೇ. ಹಾಗಾಗಿ ಮಲಗಿದವರ ಕಾರ್ಡನ್ನು ಎದ್ದಿದ್ದವರು ಪಂಚ್ ಮಾಡುತ್ತಿದ್ದೆವು. ಇದನ್ನು ನಮ್ಮಲ್ಲಿ ಯಾರೂ ಮೋಸ ಎಂದುಕೊಂಡಿರಲಿಲ್ಲ.

ಸೋಮವಾರ ಅತ್ತಿಗೆಗೆ ಜ್ವರ ಬಂತು. ಬುಧವಾರದವರೆಗೆ ಅವರ ಕಾರ್ಡನ್ನು ನಾನೇ ಪಂಚ್ ಮಾಡಿದೆ. ಗುರುವಾರ ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಅಣ್ಣನೂ ನಾನೂ ಆಟೊದಲ್ಲಿ ಹಾಕಿಕೊಂಡು ಏಳೂವರೆಗೆ ಖಾಸಗಿ ಆಸ್ಪತ್ರೆ ಮುಟ್ಟಿಸಿದೆವು. ಡಾಕ್ಟರು ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು.

"ಆಕ್ಸಿಜನ್ ಬೇಕು. ಒಂದೇ ಒಂದು ಬೆಡ್ ಉಳಿದಿದೆ. ವಿಮೆಯವರ ಒಪ್ಪಿಗೆ ಬರ್ಲಿ, ಹಾಕ್ತೀವಿ."

ಕಾರಿಡಾರಿನ ಕುರ್ಚಿಯಲ್ಲಿ ಅತ್ತಿಗೆಯನ್ನು ಕೂರಿಸಿದೆವು. ಆಗಲೇ ನನ್ನ ತಲೆಗೆ ಹೊಳೆದದ್ದು, ಇವತ್ತಿನ ಪಂಚ್ ಆಗಿಲ್ಲ ಎಂದು. ನನ್ನ ಹಿಂದಿನ ಮಿಷನ್ನಿನ ಕನ್ನಡಕದಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ನಮ್ಮಿಬ್ಬರದೂ ಒತ್ತಿಬಿಡಿ."

"ಅದನ್ನ ಹೇಳ್ಬೇಕೇನೇ? ನೀನು ಅತ್ತಿಗೇನ ನೋಡ್ಕೋ" ಎಂದರು.

ಅಣ್ಣ ನೀರು ತರಲು ಹೋಗಿದ್ದಾಗ ವಿಮೆ ಕೌಂಟರಿನವನು ನನ್ನನ್ನು ಕರೆದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಮೇಡಂ, ಈ ವಿಮೆ ಕಾರ್ಡಿನವರು ಎಂಟು ಹತ್ತಕ್ಕೆ ಫ್ಯಾಕ್ಟರಿ ಒಳಗೆ ಹೋಗಿದಾರೆ ಅಂತ ಕಂಪ್ಯೂಟರಲ್ಲಿ ತೋರಿಸ್ತಿದೆ. ಹಾಗಿದ್ರೆ ಇಲ್ಲಿ ಕೂತಿರೋರು ಯಾರು?"

"ಇವರೇ ಅವರು. ಇವತ್ತಿನ ಪಂಚ್ ಬೇರೆಯವರು ಮಾಡಿದ್ದು. ಸೋಮವಾರದಿಂದ ಮಲಗಿದಾರೆ, ನಿನ್ನೆವರೆಗೆ ನಾನೇ ಮಾಡ್ತಿದ್ದೆ" ಎಂದು ಇದ್ದದ್ದನ್ನೆಲ್ಲ ಒದರಿಬಿಟ್ಟೆ.

ಅವನು ಹೇಳಿದ್ದನ್ನೆಲ್ಲ ಟೈಪು ಮಾಡಿ ಕಳಿಸಿ, ವಿಮೆಯವರ ಉತ್ತರಕ್ಕೆ ಕಾದ. ಆಮೇಲೆ ಮೆಲ್ಲಗೆ ಹೇಳಿದ: "ಸೋಮವಾರದಿಂದ ಬಂದಿಲ್ಲ ಅಂದ್ರೆ ನಿನ್ನೆಗೇ ವಿಮೆ ಮುಗಿದಿದೆ. ಅಡ್ವಾನ್ಸ್ ಕಟ್ಟೋಕಾಗುತ್ತಾ?"

ಅವನು ಹೇಳಿದ ಮೊತ್ತ ನಮ್ಮ ಏಳೇಳು ಜನ್ಮಕ್ಕೂ ಆಗುವಂಥದ್ದಲ್ಲ. ಅಂಗಲಾಚಿದೆ, ಬಾಯಿಗೆ ಬಂದ ಹಾಗೆ ಬೈದೆ, ಮತ್ತೆ ಅಂಗಲಾಚಿದೆ. ಅಷ್ಟರಲ್ಲಿ ಆ ಬೆಡ್ಡಿಗೆ ಬೇರೊಬ್ಬರನ್ನು ತಳ್ಳಿಕೊಂಡು ಹೋದರು. ವಿಮೆಯವರು ಒಪ್ಪಲಿಲ್ಲ ಎಂದಷ್ಟೇ ಅಣ್ಣನಿಗೆ ಹೇಳಿದೆ.

ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಅಂಗಳದಲ್ಲಿ ಶಾಮಿಯಾನ ಹಾಕಿ ಟೋಕನ್ ಕೊಡುತ್ತಿದ್ದರು. ನಮ್ಮದು ಇನ್ನೂರ ಹನ್ನೊಂದು, ಒಳಗೆ ಕರೆಯುತ್ತಿದ್ದದ್ದು ತೊಂಬತ್ತು. ಅಣ್ಣ ಸಾಲಿನ ಮುಂದೆ ಹೋಗಿ ಕಂಡಕಂಡವರಿಗೆ ಕೈಮುಗಿಯುತ್ತಿದ್ದ. ಬೆಂಚಿನ ಮೇಲೆ ಅತ್ತಿಗೆಯ ತಲೆ ನನ್ನ ಹೆಗಲಿಗಿತ್ತು.

"ಪಂಚ್... ಆಯ್ತೇನೇ?" ಎಂದರು.

"ಆಯ್ತು ಅತ್ತಿಗೆ."

"ನೀನಿದ್ದೀಯಲ್ಲ. ನನಗೇನು ಚಿಂತೆ."

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಉಸಿರು ನಿಂತಿತು. ಟೋಕನ್ ಇನ್ನೂ ನೂರ ನಲವತ್ತು ದಾಟಿರಲಿಲ್ಲ.

ಗುರುವಾರ ಒಂದು ದಿನ ಆ ಫೋನ್ ಮಾಡದೆ ನಾನು ತೆಪ್ಪಗಿದ್ದಿದ್ದರೆ ಆಗುತ್ತಿತ್ತು. ಮೂರು ದಿನ ಹಾಜರಿ, ನಾಲ್ಕನೇ ದಿನ ಆಸ್ಪತ್ರೆ. ಯಾರೂ ಏನೂ ಕೇಳುತ್ತಿರಲಿಲ್ಲ, ಆ ಬೆಡ್ ಅತ್ತಿಗೆಗೆ ಸಿಗುತ್ತಿತ್ತು.

ಅಣ್ಣ ಊಟಕ್ಕೆ ಕೂತಾಗೆಲ್ಲ ಆ ಕೌಂಟರಿನವನಿಗೆ ಶಾಪ ಹಾಕುತ್ತಾನೆ. "ಅವನ ಕೈ ಸೇದಿಹೋಗ. ಒಂದು ಗುಂಡಿ ಒತ್ತೋಕೆ ಅವನಿಗೇನಾಗಿತ್ತೇ?"

"ಹೌದಣ್ಣ" ಎನ್ನುತ್ತೇನೆ. ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತೇನೆ.