ಓರೆ ಮುಚ್ಚಳ

ಮತ್ತೆ ಅದೇ ಮಲ್ಲಿಗೆ ಟೀ, ಬಟ್ಟಲು ಮೂಗಿನ ಹತ್ತಿರ ಬರುವ ಮೊದಲೇ ಗೊತ್ತಾಗುತ್ತದೆ, ಹಳೇ ಸೆಂಟಿನ ಬಾಟಲಿ ತೊಳೆದ ನೀರು — ವಾರವಿಡೀ ಕಂಪನಿಯಲ್ಲಿ ಟೀ ರುಚಿ ನೋಡಿ ಸಂಬಳ ತೆಗೆದುಕೊಳ್ಳುವವಳು ನಾನು, ಭಾನುವಾರ ಬಂತೆಂದರೆ ಅತ್ತೆ ಮಾವನ ಎದುರು ಈ ಚೈನೀಸ್ ಹೋಟೆಲಿನಲ್ಲಿ ಕೂತು ಇದನ್ನು ಕುಡಿಯಬೇಕು, ಈ ಎಣ್ಣೆಗೆ, ಈ ಸಾಸಿಗೆ ಬೇಕಾದದ್ದು ಚೆನ್ನಾಗಿ ಹುರಿದ ಎಲೆಯ ಟೀ, ನಾಲಿಗೆಯ ಜಿಡ್ಡು ಒರೆಸಿ ಮುಂದಿನ ತುತ್ತಿಗೆ ಜಾಗ ಮಾಡುವಂಥದ್ದು, ಅದು ಇಲ್ಲೇ ಇದೆಯಂತೆ, ಬಂದ ಕೂಡಲೇ ವೇಟರ್ ಹೇಳಿದ, ಒಳಗೆ ಇಟ್ಟಿದೀವಿ ಮೇಡಂ, ಈ ಪಾಟು ಮುಗಿದ್ಮೇಲೆ ಮುಚ್ಚಳ ಓರೆ ಮಾಡಿ, ತರ್ತೀನಿ. ಮುಚ್ಚಳ ಓರೆಯಾಗಿದ್ದರೆ ಇನ್ನೂ ಬೇಕು ಎಂದು, ಮುಚ್ಚಿದ್ದರೆ ಸಾಕು ಎಂದು, ಬಾಯಿ ಬಿಡಬೇಕಾಗಿಯೇ ಇಲ್ಲ. ನಾನು ಓರೆ ಮಾಡುತ್ತೇನೆ, ಅತ್ತೆ ಮುಚ್ಚುತ್ತಾರೆ, ಧೂಳು ಬೀಳತ್ತಮ್ಮ, ಎಷ್ಟು ಅಕ್ಕರೆಯಿಂದ ಹೇಳುತ್ತಾರೆ, ಅದೇ ಕಷ್ಟ, ಗದರಿದ್ದರೆ ಜಗಳವಾದರೂ ಆಡಬಹುದಿತ್ತು, ವೇಟರ್ ಅರ್ಧ ದಾರಿ ಬಂದವನು ತಿರುಗಿ ಹೋಗುತ್ತಾನೆ, ನನ್ನದು ಗೋಡೆ ಪಕ್ಕದ ಸೀಟು, ಏಳಬೇಕೆಂದರೆ ಮೊದಲು ನನ್ನ ಗಂಡ ಏಳಬೇಕು, ಅವನು ಏಳುವುದಿಲ್ಲ, ನೂಡಲ್ಸ್ ಬಿಡಿಸುತ್ತಿದ್ದಾನೆ — ಬೆಟ್ಟದ ಮೇಲಿನ ಕಂಪನಿಯ ಟೀ ತೋಟದಲ್ಲಿ ರುಚಿ ನೋಡುವ ಒಂದು ರೂಮು, ಗೋಡೆಯಷ್ಟಗಲ ಕಿಟಕಿ, ಸಾಲಾಗಿ ಬಿಳಿ ಬಟ್ಟಲು, ಅದರ ಉಸ್ತುವಾರಿ ನನಗಂತೆ, ನಾಳೆ ಬೆಳಿಗ್ಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ, ಊಟ ಮಾಡ್ತಾ ನಾನೇ ಹೇಳ್ತೀನಿ ಕಣೇ, ನೀನು ಹೇಳಿದ್ರೆ ಅಮ್ಮ ಬೇಜಾರು ಮಾಡ್ಕೋತಾಳೆ, ಕಾರಿನಲ್ಲಿ ಹೀಗೆಂದವನು ಸೂಪು ಬಂದು ಹೋದರೂ ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿಲ್ಲ, ಬಿಟ್ಟರೂ ತಿನ್ನುವುದಕ್ಕೇ.

ಮಹಡಿ ಮೇಲಿನ ರೂಮಿಗೆ ಯಾವ ಬಣ್ಣ ಹೊಡ್ಸೋಣ ಹೇಳಮ್ಮ, ಅತ್ತೆ ಕೇಳುತ್ತಿದ್ದಾರೆ, ಕೆಲಸ ಬಿಟ್ಮೇಲೆ ಅಲ್ಲೇ ಆರಾಮಾಗಿರು, ಇದು ಮಾವ, ಬಿಟ್ಟ ಮೇಲೆ? ಯಾರು ಬಿಡುವುದು? ಇವನ ಮುಖ ನೋಡುತ್ತೇನೆ, ಇವನು ಸಾಸ್ ಬಾಟಲಿಯ ಮೇಲಿನ ಅಕ್ಷರ ಓದುತ್ತಿದ್ದಾನೆ, ಮದುವೆಗೆ ಮೊದಲು ಇಂಥದ್ದೇ ಇನ್ನೊಂದು ಹೋಟೆಲು, ಮುಚ್ಚಳದ ವಿಷಯ ಇವನಿಗೆ ನಾನೇ ಹೇಳಿಕೊಟ್ಟಿದ್ದು, ಎಷ್ಟು ನಕ್ಕಿದ್ದ, ಆಮೇಲೆ ಪಾಟು ಖಾಲಿಯಾದಾಗಲೆಲ್ಲ ಮುಚ್ಚಳ ಓರೆ ಮಾಡುತ್ತಲೇ ಇದ್ದ, ಮುಚ್ಚಿದ್ರೆ ನೀನು ಎದ್ದು ಹೋಗ್ತೀಯಲ್ಲ ಅಂತ, ಕುಡಿದೂ ಕುಡಿದೂ ಇಬ್ಬರಿಗೂ ಹೊಟ್ಟೆಯಲ್ಲಿ ಟೀ ಕುಲುಕಾಡಿತ್ತು, ಅವತ್ತೇ ಇವನನ್ನು ಒಪ್ಪಿದೆ — ಅತ್ತೆ ಈಗ ಬ್ಯಾಗಿನೊಳಗೆ ಬಣ್ಣದ ಚೀಟಿ ಹುಡುಕುತ್ತಿದ್ದಾರೆ, ಈಗಲೇ, ಓರೆ ಮಾಡುತ್ತೇನೆ, ವೇಟರ್ ನೋಡಿದ, ಒಳಗೆ ಹೋದ, ಬರುತ್ತಿದ್ದಾನೆ, ಕೈಯಲ್ಲಿ ಹೊಸ ಪಾಟು, ಹುರಿದ ಎಲೆಯ ಘಮ ಇಲ್ಲಿಗೇ ಬರುತ್ತಿದೆ, ಟೀ ಬಂದ ಕೂಡಲೇ ಒಂದು ಗುಟುಕು ಕುಡಿದು ನಾನೇ ಹೇಳಿಬಿಡುತ್ತೇನೆ, ಅತ್ತೆ, ಒಂದು ವಿಷಯ, ನಾಲಿಗೆ ತುದಿಯಲ್ಲೇ ಇದೆ, ಅತ್ತೆ, ಎಂದೆ, ಅವರು ತಲೆಯೆತ್ತಿದರು, ಪಕ್ಕದಿಂದ ಒಂದು ಕೈ ಬಂತು, ಎರಡು ಬೆರಳು, ಟಕ್, ವೇಟರ್ ನಿಂತ, ತಿರುಗಿದ, ಘಮವೂ ಅವನ ಹಿಂದೆಯೇ ಹೋಯಿತು, ಏನಮ್ಮ, ಎನ್ನುತ್ತಿದ್ದಾರೆ ಅತ್ತೆ, ಏನೂ ಇಲ್ಲಮ್ಮ, ಎನ್ನುತ್ತಿದ್ದಾನೆ ಇವನು, ಮುಚ್ಚಿದರೆ ಏನರ್ಥವೆಂದು ಅತ್ತೆಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು, ಇವನ ಬೆರಳು ಇನ್ನೂ ಅದರ ಮೇಲೇ ಇವೆ, ಎರಡು ಬೆರಳು, ಮುಚ್ಚಳ, ಮುಚ್ಚಿದ ಮುಚ್ಚಳ